ಸೊನ್ನೆ ಬಿಟ್ಟರೆ ಉಮರೇಡ್

ನಾಗಪುರ ಸ್ಟೇಷನ್ನಿನ ವೇಟಿಂಗ್ ಹಾಲಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಧೃತಿ ಇಯರ್‌ಫೋನ್ ತೆಗೆದಳು. ಎದುರಿನ ಬೆಂಚಿನಲ್ಲಿ ಒಬ್ಬ ಹಿರಿಯರು ಸೂಟ್‌ಕೇಸಿನ ನಾಲ್ಕಂಕಿಯ ಬೀಗದ ಜೊತೆ ಗುದ್ದಾಡುತ್ತಿದ್ದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದರು.

"ರೈಲ್ವೆ ಪಾಸ್ ಒಳಗೈತಿ. ಗಾಡಿ ಬರಾಕ ಹತ್ತೇತಿ, ಜಲ್ದಿ ತೆಗೀರಿ."

"ನಂಬರ್ ಮರ್ತೇನಿ, ಚಂದ್ರಾ."

"ವರ್ಗ ಆದಾಗೊಮ್ಮೆ ಆ ಊರಿನ ಎಸ್‌ಟಿಡಿ ಕೋಡ್ ಇಡ್ತಿದ್ರಲ್ಲ. ನಾಗಪುರ 0712?"

"ಅಲ್ಲ."

"ಅಕೋಲಾ 0724? ಸೊಲ್ಲಾಪುರ 0217?"

"ಎಲ್ಲಾ ನೋಡಿದ್ನಿ. ಈಗ ಕೋಡ್ ಯಾರು ಒತ್ತತಾರ? ಹೆಸರು ಮುಟ್ಟಿದ್ರ ಆತು."

"ಮತ್ಯಾವ ಊರಾಗೂ ನಾವು ಇರಲಿಲ್ಲಲ್ರಿ."

ಹಿರಿಯರು ಅಂಕಿಗಳನ್ನು ಮತ್ತೆ ತಿರುಗಿಸಿದರು. ಬೀಗ ಟಕ್ಕನೆ ತೆರೆಯಿತು.

"7116? ಇದು ಉಮರೇಡ್, ನನ್ನ ತವರುಮನಿದು! ಆದ್ರ ಆ ಕೋಡ್ ಐದಂಕಿ."

"ಮೊದಲಿನ ಸೊನ್ನೆ ಬಿಟ್ರ ಬರೋಬರ್ ನಾಕು."

"ಲಗ್ನಕ್ಕ ಮುಂಚೆ ಒಂದೂ ಫೋನ್ ಮಾಡಿದವರಲ್ಲ ನೀವು. ಕೋಡ್ ಹ್ಯಾಂಗ ಗೊತ್ತು?"

"ದಿನಾ ಮಾಡ್ತಿದ್ದೆ. ಟ್ರಂಕ್ ಕಾಲ್ ಇದ್ದಾಗ ಆಪರೇಟರ್ ಹೆಸರು ಕೇಳ್ತಿದ್ಲು. ಕೋಡ್ ಬಂದ ಮ್ಯಾಲ ಧೈರ್ಯ ಬಂತು. ನಿಮ್ಮಪ್ಪ ಹಲೋ ಅಂದ ಕೂಡಲೇ ಇಟ್ಟುಬಿಡ್ತಿದ್ದೆ."

"ಅಯ್ಯ! ಆ ರಾಂಗ್ ನಂಬರ್ ನೀವೇನು? ಅಪ್ಪ ಪಾಪದ ಲೈನ್‌ಮನ್‌ಗೆ ಎಷ್ಟು ಬೈದಾನ!"

ಗಾಡಿ ಬಂತೆಂದು ಘೋಷಣೆಯಾಯಿತು. ಹಿರಿಯರು ಪಾಸನ್ನು ಜೇಬಿಗೆ ತುರುಕಿಕೊಂಡು, ಸೂಟ್‌ಕೇಸ್ ಎತ್ತಿಕೊಂಡು ಬಿರಬಿರನೆ ನಡೆದರು. ಹೆಂಡತಿ ಬೆನ್ನು ಬಿಡಲಿಲ್ಲ.

"ನಿಲ್ರಿ. ಒಂದಿನ ಆ ಫೋನ್ ನಾನ ಎತ್ತಿದ್ರ ಏನು ಹೇಳವರಿದ್ರಿ?"

ಉತ್ತರ ಕೇಳಲೆಂದು ಧೃತಿ ಬಾಗಿಲಿನವರೆಗೂ ಹೋದಳು. ಅಷ್ಟರಲ್ಲಿ ಗಾಡಿ ಸಿಳ್ಳೆ ಹಾಕಿತು.