ಜಡೆ ಹಾಕಿಕೊಳ್ಳುವ ಕೈ

ಜಮಖಂಡಿಯ ಎಲುಬಿನ ದವಾಖಾನೆಯಲ್ಲಿ ಮೊಣಕಾಲು ನೀವಿಕೊಳ್ಳುತ್ತ ಸರದಿ ಕಾಯುತ್ತಿದ್ದ ಕಾಶಪ್ಪನಿಗೆ ಪಕ್ಕದ ತಾಯಿ-ಮಗಳ ಮಾತು ಕೇಳದೇ ಇರಲು ಆಗಲಿಲ್ಲ. ಮಗಳು ಭರ್ಜಿ ಎಸೆಯುವವಳು; ಎರಡು ತಿಂಗಳ ಹಿಂದೆ ಬಲ ಭುಜದ ಕೀಲು ತಪ್ಪಿತ್ತಂತೆ.

“ನೋವು ಹೋಗೈತಿ ಅಂತ ಡಾಕ್ಟರಿಗೆ ಹೇಳತೇನಿ ಯವ್ವಾ. ಭುಜ ನೆಟ್ಟಗಾಗೇತಿ ಅಂತ ಇವತ್ತ ಡಾಕ್ಟರ ಚೀಟಿ ಒಯ್ಯಲಿಲ್ಲಂದ್ರ ಸ್ಪೋರ್ಟ್ಸ್ ಹಾಸ್ಟೆಲಿನ್ಯಾಗ ಇಟ್ಕೊಳ್ಳಂಗಿಲ್ಲ.”

“ಮತ್ತ ಕೀಲ ತಪ್ಪಿದ್ರ?”

“ಮನಿಗೆ ಬಂದ್ರ ಅಪ್ಪ ಮಗ್ಗಕ್ಕ ಕುಂದರಸ್ತಾನ.”

“ಮಗ್ಗಕ್ಕೂ ಅದ ಭುಜ ಬೇಕಲ್ಲ.”

“ಅಲ್ಲಿ ನೋವು ಐತೇನಂತ ಯಾರೂ ಕೇಳಂಗಿಲ್ಲ.”

ತಾಯಿ ಮಗಳ ಜಡೆಯ ರಿಬ್ಬನ್ ಎಳೆದು ಬಿಚ್ಚಿದಳು. “ಹಂಗಾರ ನಿನ್ನ ಜಡಿ ನೀನ ಹಾಕ್ಕೊ, ನೋಡೂನು.”

ಮಗಳ ಬಲಗೈ ಕಿವಿಯವರೆಗೆ ಏರಿ ಅಲ್ಲೇ ನಿಂತಿತು.

ಒಳಗಿನಿಂದ ಹೆಸರು ಕೂಗಿದರು. ತಾಯಿ ಗಡಿಬಿಡಿಯಲ್ಲಿ ಕೂದಲು ಹೆಣೆದು ರಿಬ್ಬನ್ ಬಿಗಿದಳು. ಮಗಳನ್ನು ಬಾಗಿಲಿನತ್ತ ನಡೆಸುತ್ತ, “ಡಾಕ್ಟರ್ ಕೇಳಿದ್ರ, ಜಡಿ ನಾನ ಹಾಕ್ಕೊಂಡೇನಿ ಅನ್ನು” ಎಂದಳು.