ಆರು ಹತ್ತರ ಮ್ಯಾಲಿನ ಗೀಟು

ಇಲ್ರಿ ಕಾಕಾ, ಪಾಪ ಅಂತ ನೋಡಾಕ ಹತ್ತಿಲ್ಲ ನಿಮ್ಮನ್ನ. ನನ್ನ ಮಾರಿನಽ ಹಂಗೈತಿ. ಮೂರ ದಿನಾ ಆತು, ನೆಟ್ಟಗ ನಿದ್ದಿ ಇಲ್ಲ. ಆ ಚೀಟಿ ಕಿಸೆದಾಗ ಇಟ್ಕೋರಿ. ನಾ ಅದನ್ನ ನಮ್ಮ ಬಸ್ ಪಟ್ಟಿ ಪೇಜಿಗೆ ಹಾಕಂಗಿಲ್ಲ.

ಕುಂದರ್ರಿ. ಆ ಖುರ್ಚಿ ಬ್ಯಾಡ್ರಿ, ಅದು ನನ್ನ ಇಂಜಿನಿಯರಿಂಗ್ ಹಂಗ, ನಾಕರಾಗ ಮೂರಽ ಕಾಲ ನೆಟ್ಟಗ ಅದಾವು. ಈ ಕಡೆ ಕುಂದರ್ರಿ, ಫ್ಯಾನ್ ಬರತೈತಿ.

ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ. ಏನ್ ಬರದೀರಿ ಇದರಾಗ... ಕೊಡ್ರಿ ಇಲ್ಲೆ. "ಪ್ರಯಾಣಿಕರಲ್ಲಿ ವಿನಂತಿ. ಕಳೆದ ಸೋಮವಾರದ ಹಿಂದಿನ ಸೋಮವಾರ ಮುಂಜಾನೆ ಆರು ಹತ್ತರ ಧಾರವಾಡ ಬಸ್ಸು ಇರಲಿಲ್ಲ. ನನ್ನ ಮರೆವಿನಿಂದ ಪಟ್ಟಿಯಲ್ಲಿ ಅದರ ಮೇಲೆ ಗೀಟು ಬೀಳಲಿಲ್ಲ. ಇನ್ನು ಮುಂದೆ ಈ ಪಟ್ಟಿಯನ್ನು ನಾನು ಬರೆಯುವುದಿಲ್ಲ. ಇಂತಿ, ರಘೋತ್ತಮ, ನಿವೃತ್ತ ಕಂಟ್ರೋಲರ್, ಬೈಲಹೊಂಗಲ."

ಅಕ್ಷರಾ ನೋಡ್ರಿ. ಒಂದರ ತಲಿ ಒಂದಕ್ಕ ತಾಗಿಲ್ಲ. ಮರವಿನ ಮನಷ್ಯಾ ಹಿಂಗ ಬರೀತಾನೇನ್ರಿ?

ತಲಿ ಅಳ್ಳಾಡಸಬ್ಯಾಡ್ರಿ. ಬೆಳಗಾವಿ ಡಾಕ್ಟರ್ ಏನಂದ್ರು? ಏನೂ ಇಲ್ಲ ಅಂದ್ರೋ ಇಲ್ಲೋ? ನಿಮ್ಮ ಮನಿಯವ್ರಽ, ಸುಂದರಾಕಾಕೂ, ಹೇಳ್ಯಾರ ನನಗ ಎಲ್ಲಾ. ಕಾಗದಾ ಕೊಟ್ಟು, ಗಡಿಯಾರದ ಚಿತ್ರಾ ತಗೀರಿ ಅಜ್ಜಾರ, ಹನ್ನೊಂದ ಹತ್ತು ತೋರಸ್ರಿ ಅಂದ್ರಂತ. ಮೂವತ್ನಾಕ ವರ್ಷ ಬಸ್ ಸ್ಟ್ಯಾಂಡ ಕಂಟ್ರೋಲ್ ರೂಮಿನಾಗ ಕುಂತ ಮನಷ್ಯಾಗ. ನೀವು ಗಡಿಯಾರ ತಗದು, ಹನ್ನೊಂದ ಹತ್ತಕ್ಕ ಮುಳ್ಳ ಇಟ್ಟು, ಇದ ಯಾವ ಊರ ಗಾಡಿರಿ ಅಂತ ಅವರನ್ನಽ ಕೇಳಿದ್ರಂತ.

ನಗ್ರಿ ಸ್ವಲ್ಪ. ನಾ ಆದ್ರೂ ನಗತೇನಿ. ಇಲ್ಲಾ, ಬ್ಯಾಡ ಬಿಡ್ರಿ, ನನಗೂ ನಗಿ ಬರವಲ್ದು.

ಯಾರದು... ಝೆರಾಕ್ಸ್ ಮಷಿನ್ ಬಂದ್ ಐತ್ರಿ, ಸಂಜಿಕ ಬರ್ರಿ. ಹೂಂ, ಆಧಾರ್ದೂ ಸಂಜಿಕನಽ. ಬಾಗಲಾ ಹಾಕ್ಕೊಂಡ... ಹೋದಾ. ಅರ್ಧಾ ತಗದಽ ಹೋದಾ. ಈ ಗ್ಲಾಸಿನ ಬಾಗಲಾ ಜರಾ ಮ್ಯಾಲ ಎತ್ತಿ ದಬ್ಬಬೇಕು, ಇಲ್ಲಾಂದ್ರ ಹಾಕೂದಿಲ್ಲ. ಎಷ್ಟ ಸಲ ಹೇಳಿದ್ರೂ ಯಾರಿಗೂ ನೆನಪ ಉಳಿಯಂಗಿಲ್ಲ. ಅವರನ್ನೆಲ್ಲಾ ಬೆಳಗಾವಿಗೆ ಕಳಸಬೇಕು ಮೊದಲ.

ಚಹಾ ಹೇಳ್ಲಿ? ಬ್ಯಾಡಾ? ಹೋಗ್ಲಿ.

ನನಗ ಗೊತ್ತೈತ್ರಿ ನಿಮ್ಮ ತಲ್ಯಾಗ ಯಾರ ಕುಂತಾರಂತ. ದೊಡವಾಡದ ಆ ಹುಡುಗಿ, ಮಂಜುಳಾ. ನಿಮ್ಮ ಪಟ್ಟಿ ನೋಡಿ, ಆರು ಹತ್ತು ಐತಿ ಅಂತ ಅಜ್ಜಿನ ಕರಕೊಂಡ ರೋಡಿಗೆ ಬಂದು ನಿಂತಳು. ಬಸ್ಸ ಬರಲಿಲ್ಲ. ಎಂಟೂವರಿ ಬಸ್ಸಿಗೆ ಧಾರವಾಡ ಮುಟ್ಟೂದ್ರಾಗ ನರ್ಸಿಂಗ್ ಪರೀಕ್ಷಾದ ಗೇಟ್ ಹಾಕಿದ್ರು. ಒಂದ ವರ್ಷ ಹೋತು ಆಕಿದು. ಸಣ್ಣದಲ್ಲ ಅದು, ನಾ ಅನ್ನೂದಿಲ್ಲ ಸಣ್ಣದಂತ. ಆದ್ರ ಆಕಿ ಅಪ್ಪ ಶಟ್ಟೆಪ್ಪ ಇದಽ ಅಂಗಡಿಗೆ ಬಂದು, ನಿಮ್ಮನ್ನ ಮನಿಯಿಂದ ಕರಸಿ, ಫೋನಿನಾಗಿನ ಪಟ್ಟಿಯ ಫೋಟೋ ನಿಮ್ಮ ಮೂಗಿಗೆ ಹಿಡದ್ನಲ್ಲಾ, ಅವಾಗ... ಅವಾಗ ನೀವು ಚಷ್ಮಾ ಒರಸಿ ನೋಡಿದ್ರಿ. ಮತ್ತ ಒರಸಿ ನೋಡಿದ್ರಿ. ಆರು ಹತ್ತು, ಧಾರವಾಡ, ದೊಡವಾಡ ಮ್ಯಾಲೆ. ಸಾಫ್ ಕುಂತಿತ್ತು, ಗೀಟಿಲ್ಲ ಏನಿಲ್ಲ. ಎರಡೂ ಕೈ ಮುಗದು "ತಪ್ಪ ನಂದಪಾ" ಅಂದ್ರಿ.

ಅಷ್ಟ ಲಗೂನ ಯಾರ ಒಪ್ಪಕೋತಾರ್ರಿ ತಪ್ಪು? ನಮ್ಮೂರಾಗ ಬೈಕ್ ಗುದ್ದಿಸಿದಾಂವ ಸುದ್ದಾ ಮೊದಲ ಅರ್ಧಾ ತಾಸ ಜಗಳಾ ಮಾಡ್ತಾನು.

ಅವತ್ತಿಂದ ಪಟ್ಟಿ ಬರೀಲಿಲ್ಲ ನೀವು. ಸ್ಕೂಟರ್ ಕೀಲಿ ಕಾಕೂ ಕೈಯಾಗ ಕೊಟ್ರಿ. ಗ್ಯಾಸ್ ಹಚ್ಚಿದ್ನೋ ಬಂದ ಮಾಡಿದ್ನೋ ಅಂತ ಮೂರ ಸಲಾ ಎದ್ದ ಹೋಗಿ ನೋಡತೀರಂತ. ಕಾಕೂನಽ ಹೇಳಿದ್ರು. ಹೇಳೂ ಮುಂದ ಅತ್ರು.

ನಾಕ ವರ್ಷ ಆತ್ರಿ ಕಾಕಾ ನಾವಿಬ್ರೂ ಇದನ್ನ ಶುರು ಮಾಡಿ. ಮುಂಜಾನಿ ಐದಕ್ಕ ಸ್ಟ್ಯಾಂಡಿನ ಹುಡುಗರಿಗೆ ಫೋನ್ ಹಚ್ಚಿ, ಯಾವ ಗಾಡಿ ಐತಿ ಯಾವುದ ಇಲ್ಲ ಕೇಳಿ, ನಾ ಮಾಡಿಕೊಟ್ಟ ಖಾನೆದಾಗ ಟೈಪ್ ಮಾಡ್ತಿದ್ರಿ. ಮನೋಳಿಯಿಂದ ಕಿತ್ತೂರ ತನಕಾ ಮಂದಿ ಫೋನಿನಾಗ ನೋಡ್ಕೊಂಡ ಮನಿ ಬಿಡ್ತಿದ್ರು. ನೆನಪೈತಿ ಮೊದಲನೇ ದಿನದ ಜಗಳಾ? ಇಲ್ಲದ ಬಸ್ಸ ಅಳಸಿ ಒಗೀರಿ ಕಾಕಾ, ಕತಿ ಮುಗೀತು ಅಂದೆ ನಾ. ನೀವು ಕೇಳಲಿಲ್ಲ. "ಅಳಸಬಾರದೋ ಹುಡುಗಾ. ಅಳಸಿದ್ರ ಮಂದಿ ಪಟ್ಟಿ ತಪ್ಪೈತಿ ಅಂದು ರೋಡಿನಾಗ ಕಾಯತಾರು. ಗೀಟ ಹೊಡೀಬೇಕು. ಬಸ್ಸಿತ್ತು, ಇವತ್ತಿಲ್ಲ, ಅನ್ನೂದು ಕಾಯಾವಗ ಕಾಣಬೇಕು." ಕಂಟ್ರೋಲ್ ರೂಮಿನ ಪದ್ಧತಿ ಅದು ಅಂದ್ರಿ. ಆತ್ರಿ ಸಾಹೇಬ್ರ ಅಂದೆ. ಬಸ್ಸಿನ ಹೆಸರಿನ ಹಿಂದೊಂದು ಮುಂದೊಂದು ಸಣ್ಣ ಅಡ್ಡಗೀಟ ಹಾಕ್ರಿ, ಪೇಜಿನಾಗ ಪೂರಾ ಹೆಸರಿನ ಮ್ಯಾಲ ಗೀಟ ಬೀಳತೈತಿ ಅಂತ ತೋರಿಸಿಕೊಟ್ಟೆ.

ಅದೇನ್ ನನ್ನ ಶಾಣ್ಯಾತನ ಅಲ್ರಿ. ಲೈಬ್ರರಿ ಅಂತಾರ ಅದಕ್ಕ. ಪುಸ್ತಕದ್ದಲ್ಲ. ಯಾವುದೋ ದೇಶದಾಂವ ಬರದು ಫುಕಟ್ ಬಿಟ್ಟಿರತಾನು. ನೀವು ಸಾದಾ ಬರದದ್ದನ್ನ ಅದು ತಿಂದು, ಪೇಜ್ ಮಾಡಿ ಉಗುಳತೈತಿ. ಅಷ್ಟಽ.

ಈಗ ಅದಕ್ಕ ಹೊಸಾ ವರ್ಷನ್ ಬಂದೈತಿ. ಹಳೇದು ಇನ್ನ ನಡಿಯಂಗಿಲ್ಲ ಅಂತ ಪೇಜ್ ಇಟ್ಟ ಕಂಪನಿಯಾಂವ ನೋಟಿಸ್ ಕೊಟ್ಟ. ಹೊಸಾದಕ್ಕ ನಮ್ಮ ಅಡ್ಡಗೀಟ ಸೇರೂದಿಲ್ಲ. ಹಾವಿನ ಮರಿ ಹಂಗ ಸೊಟ್ಟ ಗೀಟ ಇರತೈತಲ್ಲಾ, ಅದನ್ನ ಹಿಂದೆರಡು ಮುಂದೆರಡು ಹಾಕಬೇಕಂತ. ಎಲ್ಲಾ ಬದಲಿ ಮಾಡಾಕ ಕುಂತೇನಿ ಮೂರ ದಿನದಿಂದ. ಕಣ್ಣ ನೋಡ್ರಿ, ಹಬ್ಬದ ಕುರಿ ಕಣ್ಣ ಆಗ್ಯಾವು.

ಯಾಕ ಹೇಳಾಕ ಹತ್ತೇನಿ ಅಂದ್ರ, ಸುಮ್ಮ ಸಮಾಧಾನಕ್ಕ ಅಲ್ಲ, ಖರೆ ಹೇಳತೇನಿ. ಕಂಪ್ಯೂಟರ್ ಎಣಿಸಿ ಕೊಟ್ಟೈತಿ. ನಾಕ ವರ್ಷದಾಗ ಎರಡ ಸಾವಿರದ ಮುನ್ನೂರ ಹನ್ನೊಂದ ಬಸ್ಸಿಗೆ ಅಡ್ಡಗೀಟ ಹಾಕೀರಿ ನೀವು. ಎರಡ ಸಾವಿರದ ಮುನ್ನೂರ ಹನ್ನೊಂದು. ಒಂದೊಂದನ್ನೂ ಈ ಕಣ್ಣಿಲೆ ನೋಡೇನಿ. ಒಂದೂ ತಪ್ಪಿಲ್ಲ. ಒಂದಽ ಒಂದು...

...

ಅಂದ್ರ... ಅದೊಂದ ಬಿಟ್ಟ.

ಯಾಕ್ರಿ ಹಂಗ ನೋಡಾಕ ಹತ್ತೀರಿ? ಅದೊಂದ ಬಿಟ್ಟ ಅಂತ ಅಂದ್ನೆಲ್ಲಾ. ಬಾಯಿ ತಪ್ಪಿ ಬಂತು. ನಿದ್ದಿ ಇಲ್ಲದ ಮನಷ್ಯಾನ ಮಾತ ಹಿಡಕೊಂಡ...

ಕಿಸೆದಾಗಿಂದ ಚಷ್ಮಾ ಯಾಕ ತಗದ್ರಿ? ಕಾಕಾ, ಆ ಕಡೆ ಬ್ಯಾಡ್ರಿ. ಸ್ಕ್ರೀನ್ ಭಾಳ ಬೆಳಕೈತಿ, ನಿಮ್ಮ ಕಣ್ಣಿಗೆ... ಕಾಕಾ, ಅದು ನನ್ನ ಕೆಲಸದ್ದು, ನಿಮಗ ತಿಳಿಯಂಗಿಲ್ಲ. ಪಟ್ಟಿಯಾಗ ಕೆಳಗ ಹೋಗಬ್ಯಾಡ್ರಿ. ಕೊನೀ ಸಾಲಿಗೆ...

ಓದ್ರಿ ಹಂಗಾರ.

ಓದಿದ್ರಿ?

ಮುಂಜಾನಿ ಐದ ಹೊಡದ ಹನ್ನೆರಡ ನಿಮಿಷಕ್ಕ ಬರದೀರಿ. ಅದಽ ಸೋಮವಾರ. ಆರು ಹತ್ತು, ಧಾರವಾಡ, ದೊಡವಾಡ ಮ್ಯಾಲೆ. ಹಿಂದೊಂದು ಅಡ್ಡಗೀಟು. ಮುಂದೊಂದು ಅಡ್ಡಗೀಟು.

ಹಾಕಿದ್ರಿ ನೀವು. ಮರತಿರಲಿಲ್ಲ.

ಏನರೆ ಅನ್ರಿ. ಬೈರಿ. ನಮ್ಮಪ್ಪ ಹಜರತಸಾಬನ್ನ ಕರದು, ನೋಡ ನಿನ್ನ ಮಗನ ದಂಧೆ ಅಂತ ಹೇಳ್ರಿ. ನಿಮ್ಮ ಕೈಕೆಳಗ ಬಸ್ಸ ಹೊಡದ ಮನಷ್ಯಾ, ನಿಮ್ಮ ಮಾತ ನಂಬತಾನು. ನನ್ನ ಮಾತ ನಂಬೂದ ಬಿಟ್ಟ ಭಾಳ ದಿನಾ ಆತು.

ಆ ಸೋಮವಾರದ ಹಿಂದಿನ ದಿನಾ, ರವಿವಾರ ಸಂಜಿಕ, ಹೊಸಾ ವರ್ಷನ್ ಹಾಕಿದ್ದೆ. ಪೇಜ್ ತಗದ ನೋಡಿದೆ, ಬಂತು, ಛಲೋ ಕಂಡತು. ರವಿವಾರದ ಪಟ್ಟಿಯಾಗ ಗೀಟ ಹೊಡದ ಬಸ್ಸ ಒಂದೂ ಇರಲಿಲ್ಲ. ಅಷ್ಟಕ್ಕಽ ಆತು ಬಿಡು ಅಂದು ಎದ್ದ ಹೋದೆ. ಮುಂಜಾನಿ ನೀವು ಬರದದ್ದನ್ನ ಅದು ತಿಂತು. ಅಡ್ಡಗೀಟ ನುಂಗತು, ಮ್ಯಾಲಿನ ಗೀಟ ಕೊಡಲಿಲ್ಲ. ಸಾಫ್ ಮಾಡಿ ಇಟ್ಟತು.

ಇಲ್ರಿ, ಗೊತ್ತಿರಲಿಲ್ಲ ಅಂತ ಹೇಳಂಗಿಲ್ಲ. ಅದನ್ನೂ ಹೇಳಿಬಿಡತೇನಿ.

ಎರಡ ವರ್ಷದಿಂದ ಹೇಳಾಕ ಹತ್ತಿತ್ತು ಆ ಲೈಬ್ರರಿ. ದಿನಾ ಮುಂಜಾನಿ, ನಿಮ್ಮ ಪಟ್ಟಿ ಹಾಕಿದಾಗೊಮ್ಮೆ, ಹಳದಿ ಅಕ್ಷರದಾಗ ಒಂದ ಸಾಲು. ಡೆಪ್ರಿಕೇಟೆಡ್ ಅಂತ ಬರತಿತ್ತು. ಅಂದ್ರ... ಈ ರೂಟ್ ಮುಂದಿನ ವರ್ಷದಿಂದ ಬಂದ್ ಅಂತ ಸ್ಟ್ಯಾಂಡಿನಾಗ ಬೋರ್ಡ ಹಾಕತಿದ್ರೆಲ್ಲಾ ನೀವು? ಬಸ್ಸ ಇನ್ನೂ ಓಡತಿರತೈತಿ, ಆದ್ರ ಬೋರ್ಡ ಬಿದ್ದಿರತೈತಿ. ಹಂಗ. ಈ ಅಡ್ಡಗೀಟ ಇನ್ನೂ ನಡೀತೈತಿ, ಮುಂದ ತಗೀತೀವಿ, ಬದಲಿ ಮಾಡ್ಕೋರಿ. ದಿನಾ. ಎರಡ ವರ್ಷ.

ಬ್ಯಾಸರಾಗಿ ಅದರ ಬಾಯಿ ಮುಚ್ಚಿಸಿದ್ದೆ. ಒಂದ ಸಾಲ ಬರದ್ರ ಸುಮ್ಮ ಆಗತೈತಿ. ಬೋರ್ಡ ಕಿತ್ತ ಒಗದಂಗ.

ನೋಡ್ರಿ, ಒಂದ ತಾಸಿನ ಕೆಲಸಿತ್ತು. ಎರಡ ವರ್ಷದಾಗ ಒಂದ ತಾಸು. ನನಗ ಯಾವುದಕ್ಕೂ ಒಂದ ತಾಸ ಕುಂದ್ರೂದ ಆಗಂಗಿಲ್ಲ. ಕಾಲೇಜಿನಾಗೂ ಅದಽ ಆತು. ಮೂರ ವರ್ಷ ವಾರ್ನಿಂಗ್ ಕೊಟ್ರು, ನಾಕನೇದಕ್ಕ ನಾನಽ ಎದ್ದ ಬಂದೆ.

ಶಟ್ಟೆಪ್ಪ ಆ ಫೋಟೋ ತೋರಿಸಿದ ಕೂಡ್ಲೇ ಗೊತ್ತಾತು ನನಗ. ಒಂದ ಕ್ಷಣಾ ಸುದ್ದಾ ಹಿಡೀಲಿಲ್ಲ. ಹೇಳಬೇಕು ಅಂತ ಬಾಯಿ ತಗದೆ. ತಗದಿದ್ದೆ ಖರೆ, ಅಲ್ಲಾನ ಆಣಿ. ಅಷ್ಟರಾಗ ನೀವು ಕೈ ಮುಗದ ಬಿಟ್ರಿ. ನನ್ನ ಬಾಯಿ ಹಂಗಽ ಮುಚ್ಚತು. ನಿಮಗ ಎಪ್ಪತ್ತೊಂದು, ಮಂದಿ ಪಾಪ ವಯಸ್ಸಾಗೈತಿ ಅಂದು ಬಿಡ್ತಾರು. ನನಗ ಏನಂತಾರು? ಅರ್ಧಾ ಇಂಜಿನಿಯರ್ ಅಂತ ಮೊದಲಽ ಹೆಸರಿಟ್ಟಾರು. ಈ ಪಟ್ಟಿ ಒಂದಽ ರಿ ಕಾಕಾ, ನಮ್ಮ ಅಬ್ಬಾ ಚಾದಂಗಡ್ಯಾಗ ಕುಂತು "ನಮ್ಮ ನಾಸಿರ ಮಾಡ್ಯಾನು" ಅಂತ ಹೇಳೂದು. ಮತ್ತ ಯಾವುದನ್ನೂ ಹಂಗ ಹೇಳಿಲ್ಲ ಅವ್ರು.

ಸಂಜಿಕ ಹೇಳೂಣು ಅಂದ್ಕೊಂಡೆ. ನಾಳಿಗೆ ಅಂದ್ಕೊಂಡೆ. ನೀವು ಬೆಳಗಾವಿಗೆ ಹೋಗೂದ ತಿಳೀತು. ಡಾಕ್ಟರ್ ಏನೂ ಇಲ್ಲ ಅಂತಾರು, ಆರಾಮ ಆಗತಾರ ಬಿಡು, ಹೇಳೂದಽ ಬ್ಯಾಡ ಅಂದ್ಕೊಂಡೆ. ಡಾಕ್ಟರ್ ಹೇಳಿದ್ರೂ ನೀವು ನಂಬೂದಿಲ್ಲ ಅಂತ ನನಗೇನ್ ಗೊತ್ತು?

ಕಾಕಾ.

ಎಲ್ಲಿಗ್ರಿ? ಕುಂದರ್ರಿ, ಪೂರಾ ಹೇಳಿಲ್ಲ ಇನ್ನೂ. ಶಟ್ಟೆಪ್ಪಗ ಫೋನ್ ಹಚ್ಚತೇನಿ. ಈಗಽ ಹಚ್ಚತೇನಿ. ಅಂವ ಬಂದು ನನ್ನ ಹೊಡೀಲಿ. ಕಾಕೂಗೂ ನಾನಽ ಬಂದ ಹೇಳತೇನಿ, ಕೀಲಿ ನಾನಽ ಇಸ್ಕೊಂಡ ಕೊಡತೇನಿ...

ಪೆನ್ನು? ಇಲ್ಲೇ ಐತಿ ನೋಡ್ರಿ. ಆ ಚೀಟಿ ಮತ್ತ ಯಾಕ ತಗೋಳಾಕ ಹತ್ತೀರಿ? ಹರದ ಒಗೀರಿ ಅದನ್ನ. ನಾನಽ ಹರೀತೇನಿ, ಕೊಡ್ರಿ ಇಲ್ಲೆ.

...

"ನನ್ನ ಮರೆವಿನಿಂದ." ಅದರ ಮ್ಯಾಲ ಒಂದ ಗೀಟು.

"ರಘೋತ್ತಮ, ನಿವೃತ್ತ ಕಂಟ್ರೋಲರ್." ಅದರ ಮ್ಯಾಲೂ.

ಪಟ್ಟಿ ಬರೆಯುವುದಿಲ್ಲ ಅನ್ನೂದರ ಮ್ಯಾಲ ಹೊಡೀಲಿಲ್ಲಲ್ರಿ. ಅದರ ಮ್ಯಾಲ ಹೊಡೀರಿ ಕಾಕಾ. ಅದೊಂದ ಹೊಡೀರಿ.

ಹಂಗಾರ ಕೆಳಗ ಜಾಗಾ ಬಿಟ್ಟದ್ದು... ನನ್ನ ಹೆಸರಿಗೆ. ಬರೀತೇನಿ. ಬರೀತೇನ್ರಿ, ಪೆನ್ನ ಇಟ್ಟ ಹೋಗ್ರಿ.

ಕಾಕಾ, ಒಂದ ಮಾತ ಬೈದಾದ್ರೂ ಹೋಗ್ರಿ.

ಬಾಗಲಾ ಹಂಗಽ ಇರಲಿ, ನಾ ಹಾಕ್ಕೋತೇನಿ. ಅದು ಸಿಗಬೀಳತೈತಿ, ನೀವು ದಬ್ಬಬ್ಯಾಡ್ರಿ, ಅದನ್ನ ಜರಾ...

ಹೂಂ.

ಎತ್ತಿ ದಬ್ಬಿದ್ರಿ.