ಕಾರಣ ಬರೆಯುವ ಜಾಗ

ಹೆಬ್ಬಾಳದ ಬಸ್ ಸ್ಟಾಪು. ಸ್ಕೂಟರ್ ಬ್ಯಾಟರಿಯ ಬೆಂಕಿ ಪರೀಕ್ಷೆಯನ್ನು ಸಡಿಲಿಸುವ ಅಂತರರಾಷ್ಟ್ರೀಯ ನಿಯಮಕ್ಕೆ ಸಂಜೆ ಐದು ಗಂಟೆಯೊಳಗೆ ದೇಶದ ಓಟು ಹಾಕಬೇಕಿತ್ತು. ಓಟು ಒತ್ತಬೇಕಾದ ಫೋನು, ಬ್ಯಾಟರಿ ಪರೀಕ್ಷಿಸುವ ಸರ್ಕಾರಿ ಲ್ಯಾಬಿನ ಇಂಜಿನಿಯರ್ ಸುಮಾಳ ಕೈಯಲ್ಲಿತ್ತು. ಪಕ್ಕದಲ್ಲಿ ಅದೇ ಲ್ಯಾಬಿನ ಮುಖ್ಯಸ್ಥ ಭೀಮರಾಜ್. ಹಿಂದೆ ನಿಂತವರಿಗೂ ಮಾತು ಕೇಳಿಸುತ್ತಿತ್ತು.

“ಯೆಸ್ ಒತ್ತಮ್ಮ. ಎಲ್ಲಾ ದೇಶದವ್ರೂ ಒತ್ತವ್ರೆ.”

“ಮೂರು ಬ್ಯಾಟರಿ ನನ್ ಕಣ್ಮುಂದೇನೇ ಉರಿದ್ವು ಸಾರ್. ನಿಮ್ ರಿಪೋರ್ಟಲ್ಲಿ ಅವಕ್ಕೆ ಗೆಸ್ಟ್ ರೋಲೂ ಇಲ್ಲ.”

“ಬ್ಯಾಟರಿ ಕಂಪನಿಯವ್ರು ಫಾರಿನ್ ತೋರಿಸಿದ್ದು ಮರೆತ್ಯಾ?”

“ತೋರಿಸಿದ್ದು ನಿಮಗೆ.”

“ಸರಿ, ನೋ ಒತ್ತು. ಕಾರಣ ಮಾತ್ರ ಬರೀಬೇಡ.”

“ಕಾರಣ ಇಲ್ದಿರೋ ನೋ ಲೆಕ್ಕಕ್ಕೇ ಬರಲ್ಲ. ಬರೆದ್ರೆ ಎಲ್ಲಾ ದೇಶದವ್ರೂ ಓದ್ತಾರೆ. ಅದೇ ತಾನೆ ಭಯ?”

“ಕೆಲ್ಸ ಹೋಗುತ್ತೆ ಕಣಮ್ಮ.”

ಯಲಹಂಕದ ಬಸ್ಸು ಬಂತು. ಸುಮಾ ನೋ ಒತ್ತಿ, ಕಾರಣದ ಜಾಗವನ್ನೂ ತುಂಬಿಸಿ, ಫುಟ್‌ಬೋರ್ಡು ಹತ್ತಿದಳು.

“ಏನ್ ಬರ್ದೆ?”

“ಏನೂ ಬರೀಲಿಲ್ಲ ಸಾರ್. ಆ ಮೂರು ಬ್ಯಾಟರಿ ಉರಿಯೋ ವಿಡಿಯೋನೇ ಹಾಕ್ದೆ. ಬೆಂಕಿಗೆ ಸಬ್‌ಟೈಟಲ್ ಯಾಕೆ?”

ಬಸ್ಸು ಹೊರಟಿತು. ಭೀಮರಾಜ್ ಹತ್ತಲಿಲ್ಲ.